ಲಕ್ಕವ್ವನ ಹನ್ನೆರಡನೆಯ ಅರ್ಜಿ

ದೇವರ ಹಿಪ್ಪರಗಿಯ ತಹಶೀಲ್ದಾರ ಕಚೇರಿಯೆದುರಿನ ಬೇವಿನ ಮರದ ಕೆಳಗೆ ಇಪ್ಪತ್ತಾರು ವರ್ಷಗಳಿಂದ ಅರ್ಜಿ ಬರೆಯುತ್ತ ಕೂತಿರುವ ಗುರುಲಿಂಗಪ್ಪನಿಗೆ ಹೆದರಿಕೆ ಹೊಸದಲ್ಲ. ನಾಯಿಗೆ ಹೆದರುತ್ತಾನೆ, ಸಿಡಿಲಿಗೆ ಹೆದರುತ್ತಾನೆ, ತಾರೀಖು ತಪ್ಪಿ ಬರೆದೆನೇನೋ ಎಂದು ಅರ್ಧ ಹಾದಿಯಿಂದ ತಿರುಗಿ ಬರುತ್ತಾನೆ. ಈ ಹೆದರಿಕೆಯೇ ಅವನಿಗೆ ಎರಡು ನೇಮ ಕಲಿಸಿತ್ತು. ಬರೆದ ಪ್ರತಿಯೊಂದು ಕಾಗದಕ್ಕೂ ಕಾರ್ಬನ್ ಪ್ರತಿ ತೆಗೆದು ತಗಡಿನ ಪೆಟ್ಟಿಗೆಯಲ್ಲಿಡುವುದು. ಓದು ಬಾರದವರಿಗೆ ಅರ್ಜಿಯನ್ನು ಪೂರ್ತಿ ಗಟ್ಟಿಯಾಗಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳದಿರುವುದು. "ನಾಳೆ ಯಾರರೆ ಬಂದು, ಹಿಂಗ ನಾ ಹೇಳಿದ್ದಿಲ್ಲ ಅಂದ್ರ?" ಎನ್ನುತ್ತಿದ್ದ. ಇದುವರೆಗೆ ಯಾರೂ ಹಾಗೆ ಅಂದಿರಲಿಲ್ಲ. ಅಂದಮೇಲೆ ಇನ್ನು ಮುಂದೆ ಅನ್ನುವವರೇ ಉಳಿದಿದ್ದಾರೆಂದು ಅವನ ಲೆಕ್ಕ.

ಈ ಸಲ ಮಾತ್ರ ಕಾರ್ಬನ್ ಇಡದೆ, ಯಾರಿಗೂ ಓದಿ ಹೇಳದೆ ಒಂದು ಬರಹ ಬರೆದುಬಿಟ್ಟಿದ್ದ. ಮೊಬೈಲಿನಲ್ಲಿ.

ಕುರಿಗಾರರ ಓಣಿಯ ಲಕ್ಕವ್ವನ ಮಗ ಮಾಳಿಂಗ ಸರಕಿನ ಹಡಗಿನಲ್ಲಿ ಅಡುಗೆಯವನಾಗಿದ್ದ. ಪರದೇಶದ ಬಂದರೊಂದರಲ್ಲಿ ಅವನನ್ನು ಗೂಢಚಾರನೆಂದು ಹಿಡಿದು ಜೇಲಿಗೆ ಹಾಕಿದರು. ಮೂರು ವರ್ಷ ಕಳೆದವು. ಅಷ್ಟರಲ್ಲಿ ಲಕ್ಕವ್ವ ವಿಜಯಪುರಕ್ಕೆ, ಬೆಂಗಳೂರಿಗೆ, ದಿಲ್ಲಿಗೆ ಒಟ್ಟು ಹನ್ನೊಂದು ಅರ್ಜಿ ಕಳಿಸಿದ್ದಳು. ಎಲ್ಲ ಬರೆದವನು ಗುರುಲಿಂಗಪ್ಪನೇ. ಕೊನೆಗೆ ಎರಡು ಸರಕಾರಗಳು ಕೈದಿಗಳನ್ನು ಅದಲುಬದಲು ಮಾಡಿಕೊಂಡವು. ನಮ್ಮ ಜೇಲಿನಲ್ಲಿದ್ದ ಆ ದೇಶದ ದೊಡ್ಡ ಗೂಢಚಾರನೊಬ್ಬ ಅತ್ತ ಹೋದ, ಮಾಳಿಂಗ ಇತ್ತ ಬಂದ.

ಟಿವಿಯವರು ಬೆಂಕಿಯಾದರು. ಶಾನವಾಜನ ಚಹಾದಂಗಡಿಯ ಬೆಂಚೂ ಬೆಂಕಿಯಾಯಿತು. ಆ ಬೆಂಚಿನ ಒಂದು ತುದಿಗೆ ದಿಲ್ಲಿ ಸರಕಾರದ ಪಕ್ಷದ ಕಲ್ಮೇಶ, ಇನ್ನೊಂದು ತುದಿಗೆ ಎದುರು ಪಕ್ಷದ ಸಂಜೀವಕುಮಾರ ಇಪ್ಪತ್ತು ವರ್ಷದಿಂದ ಕೂತು ಜಗಳಾಡುತ್ತ ಬಂದಿದ್ದಾರೆ.

"ಒಬ್ಬ ರೊಟ್ಟಿ ಬಡಿಯವನ ಸಲುವಾಗಿ ಅಂಥಾ ಖದೀಮನ್ನ ಬಿಡ್ತಾರೇನ್ರಿ? ಒಳಗ ಏನೋ ನಡದೈತಿ," ಎಂದ ಸಂಜೀವಕುಮಾರ.

"ಅಂವ ರೊಟ್ಟಿ ಬಡಿಯವ ಅಂತ ಯಾರು ಹೇಳಿದ್ರು? ನಮ್ಮ ಸರಕಾರದ ಹೆಸರು ಕೆಡಸಾಕ ನಿಮ್ಮವರ ಕಳಿಸಿದಂವ ಇರಬೇಕು."

ಶಾನವಾಜ ಚಹಾ ಸೋಸುತ್ತ, "ಅಂವ ನಮ್ಮಂಗಡ್ಯಾಗ ಎರಡು ವರ್ಷ ಭಜಿ ಕರದಾನ್ರಿಪಾ," ಎಂದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭಜಿಯಲ್ಲಿ ಏನು ರಹಸ್ಯವಿರುತ್ತದೆ?

ಗುರುಲಿಂಗಪ್ಪನ ಮಾತನ್ನೂ ಆ ಬೆಂಚಿನ ಮೇಲೆ ಎಂದೂ ಯಾರೂ ಕೇಳಿದವರಲ್ಲ. ಅಂದು ಮೊಬೈಲಿನಲ್ಲಿ ವಿಜಯಪುರ ಸ್ಟೇಷನ್ನಿನ ವಿಡಿಯೋ ಬಂತು. ರೈಲಿನಿಂದಿಳಿದ ಮಾಳಿಂಗ ತಾಯಿಯ ಕಾಲಿಗೆ ಬಾಗುತ್ತಾನೆ, ಲಕ್ಕವ್ವ ಸರಕ್ಕನೆ ಮೂರು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಲ್ಲುತ್ತಾಳೆ. ಗುರುಲಿಂಗಪ್ಪನ ಹೆಬ್ಬೆರಳು ತಡೆಯಲಿಲ್ಲ. ಊರಿನ ಗುಂಪಿನಲ್ಲಿ ಬರೆದ: "ಈ ಮೂಲಕ ತಿಳಿಯಪಡಿಸುವುದೇನೆಂದರೆ, ಹೆತ್ತ ಕರುಳೇ ಹಿಂದೆ ಸರಿದ ಮೇಲೆ ಬೇರೆ ಸಾಕ್ಷಿ ಯಾಕೆ? ಬಂದವನು ಮಾಳಿಂಗನಲ್ಲ."

ಎಂಬತ್ತು ಮಂದಿ ಹೆಬ್ಬೆಟ್ಟು ತೋರಿಸಿದರು. ಅವನ ಜೀವಮಾನದಲ್ಲಿ ಇಷ್ಟು ಹೆಬ್ಬೆಟ್ಟು ಒಂದೇ ಕಾಗದಕ್ಕೆ ಬಿದ್ದಿರಲಿಲ್ಲ. ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಬರಹ ಸಂಜೆಗೆ ಸಿಂದಗಿ, ಇಂಡಿ ಮುಟ್ಟಿತು. ಬೆಳಗಾಗುವುದರೊಳಗೆ ಮುದ್ದೇಬಿಹಾಳ, ಬಾಗೇವಾಡಿ ಸುತ್ತಿ ತಿರುಗಿ ಬಂತು. ಬರುವಾಗ ಗುರುಲಿಂಗಪ್ಪನ ಹೆಸರು ಉದುರಿ, 'ನಿವೃತ್ತ ಗುಪ್ತಚರ ಅಧಿಕಾರಿ' ಎಂಬ ಸಹಿ ಅಂಟಿಕೊಂಡಿತ್ತು. ಮೂರನೆಯ ದಿನ ಲಕ್ಕವ್ವನ ತಗಡಿನ ಮಾಳಿಗೆಯ ಮೇಲೆ ಕಲ್ಲು ಬಿದ್ದವು. ನಾಲ್ಕನೆಯ ದಿನ ಕಲ್ಮೇಶ ಮತ್ತು ಸಂಜೀವಕುಮಾರ ಬೆಂಚಿನ ನಡುವಿಗೆ ಸರಿದು ಕೂತರು. ಸೋಮವಾರ ಹನ್ನೊಂದಕ್ಕೆ ಎರಡೂ ಪಕ್ಷದವರು ಕೂಡಿ ಓಣಿಗೆ ಹೋಗಿ ಮಾಳಿಂಗನನ್ನು ಹೊರಗೆಳೆದು ಕೇಳುವುದೆಂದು ನಿಕ್ಕಿಯಾಯಿತು. ಅವರಿಬ್ಬರ ಜಗಳಕ್ಕೆ ಗುರುಲಿಂಗಪ್ಪ ಎಂದೂ ಇಷ್ಟು ಹೆದರಿರಲಿಲ್ಲ, ಒಗ್ಗಟ್ಟಿಗೆ ಹೆದರಿದ.

ಸೋಮವಾರ ಒಂಬತ್ತಕ್ಕೆ ಲಕ್ಕವ್ವ ಬೇವಿನ ಮರದ ಕೆಳಗೆ ಬಂದು ಕೂತಳು. ಕಣ್ಣು ಕೆಂಪಾಗಿದ್ದವು.

"ರೈಟರ್ರ, ಪೊಲೀಸರಿಗೆ ಒಂದು ಅರ್ಜಿ ಬರೀರಿ. ಆ ಮಾತು ಮೊದಲ ಯಾವಂವ ಬರದಾನ, ಅವನ್ನ ಹುಡುಕ್ರಿ ಅಂತ."

ಗುರುಲಿಂಗಪ್ಪ ತೆರೆದಿದ್ದ ಪೆನ್ನನ್ನು ಮತ್ತೆ ಮುಚ್ಚಿದ. "ಅದಿರಲಿ ಯವ್ವಾ. ನೀ ಮಗನ್ನ ಯಾಕ ಮುಟ್ಟಲಿಲ್ಲ?"

"ಹಿಂಗ ಕೇಳ್ತೀರಲ್ಲ. ಹರಕಿ ಚೀಟಿ ಬರದವರು ನೀವ."

ಅವನು ತಗಡಿನ ಪೆಟ್ಟಿಗೆ ತೆಗೆದ. ದಿನಕ್ಕೆ ಮೂವತ್ತು ಕಾಗದ ಬರೆಯುವವನು ಬರೆದದ್ದನ್ನು ನೆನಪಿಡುವುದಿಲ್ಲ, ಕಾರ್ಬನ್ ನೆನಪಿಡುತ್ತದೆ. ಮೂರು ವರ್ಷದ ಹಿಂದಿನ ಕಟ್ಟಿನಲ್ಲಿ ಸಿಕ್ಕಿತು, ತೆಂಗಿನಕಾಯಿಗೆ ಕಟ್ಟಲೆಂದು ಬರೆದ ಚೀಟಿಯ ನೀಲಿ ನೆರಳು: ಮಗ ಜೀವಂತ ಬಂದರೆ ಮನೆಯಿಂದ ಮಾಳಿಂಗರಾಯನ ಗುಡಿಯವರೆಗೆ ಬರಿಗಾಲಲ್ಲಿ ನಡೆಸಿಕೊಂಡು ಬರುತ್ತೇನೆ, ದೇವರ ಭಂಡಾರದ ಅರಿಶಿನ ಅವನ ಹಣೆಗೆ ಹಚ್ಚುವವರೆಗೆ ನಾನು ಅವನನ್ನು ಮುಟ್ಟುವುದಿಲ್ಲ. ಅಕ್ಷರ ತನ್ನದೇ. 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂದು ದೇವರಿಗೂ ಬರೆದಿದ್ದ.

"ಐದು ದಿನಾ ಆತು," ಎಂದಳು ಲಕ್ಕವ್ವ. "ಒಂದ ಮನ್ಯಾಗ ಅದೀವಿ. ತಾಟು ದೂರಿಂದ ಸರಸ್ತೇನಿ. ಗುಡಿಗೆ ಹೋಗಬೇಕಂದ್ರ ಚಾದಂಗಡಿ ಮುಂದ ಹಾಯಬೇಕು. ಹೆಂಗ ಹಾಯಲಿ?"

ಗುರುಲಿಂಗಪ್ಪ ಕಾರ್ಬನ್ ಇಟ್ಟು ಅರ್ಜಿ ಬರೆದ. 'ಸುಳ್ಳು ಸುದ್ದಿ ಹುಟ್ಟಿಸಿದವನು' ಎಂಬಲ್ಲಿ ಪೆನ್ನು ನಿಂತಿತು. 'ಅಪರಿಚಿತ ವ್ಯಕ್ತಿ' ಎಂದು ಬರೆಯಬಹುದಿತ್ತು. ಅವಳಿಗೆ ಓದು ಬಾರದು. ಕೈ ತನ್ನದೇ ಹೆಸರು ಬರೆಯಿತು. ಇನ್ನು ಓದಿ ಹೇಳಬೇಕು. ನೇಮ ನೇಮವೇ. ಓದಿದ. ಆ ಹೆಸರು ಬಂದಲ್ಲಿ ಧ್ವನಿ ಇಲಿಯದಾಯಿತು.

"ಇನ್ನೊಮ್ಮಿ ಓದ್ರಿ," ಎಂದಳು ಲಕ್ಕವ್ವ.

ಓದಿದ. ಅವಳು ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಬಯ್ಯಲಿಲ್ಲ. ನೀಲಿ ಮಸಿಗೆ ಹೆಬ್ಬೆರಳು ಅದ್ದಿ ಗಟ್ಟಿಯಾಗಿ ಒತ್ತಿದಳು.

"ಅರ್ಜಿ ಆಮ್ಯಾಲೆ ಕೊಡೂಣು. ಮೊದಲ ಗುಡಿ. ಮುಂದ ನೀವು ನಡೀರಿ."

ಮಾಳಿಂಗ ಬಾಗಿಲು ತೆಗೆಯಲು ಮೂರು ಚಿಲಕ ಸರಿಸಬೇಕಾಯಿತು. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. "ಅಲ್ಲಿ ಹೊರಗಿಂದ ಕೀಲಿ ಹಾಕತಿದ್ರು ರೈಟರ್ರ," ಎಂದ. "ಇಲ್ಲಿ ನಾವ ಒಳಗಿಂದ ಹಾಕ್ಕೊಂಡೀವಿ."

ಮೂವರೂ ಹೊರಟರು. ಗುರುಲಿಂಗಪ್ಪ ಮುಂದೆ, ಅವನ ಹಿಂದೆ ಬರಿಗಾಲಿನ ಮಗ, ಮೂರು ಹೆಜ್ಜೆ ಬಿಟ್ಟು ತಾಯಿ. ಚಹಾದಂಗಡಿಯ ಮುಂದೆ ಐವತ್ತು ಮಂದಿ ಆಗಲೇ ಕೂಡಿದ್ದರು. ಮೊಬೈಲುಗಳು ಮೇಲೆದ್ದವು.

"ಗುರಣ್ಣ, ನೀ ಯಾಕೋ ಇವರ ಸಂಗಾಟ?" ಎಂದ ಕಲ್ಮೇಶ.

"ಅದನ್ನ ಬರದಂವ ನಾನಪಾ. ತಪ್ಪಾತು."

ಕಲ್ಮೇಶ ನಕ್ಕ. "ನಿನಗ ಅಷ್ಟ ತಲಿ ಎಲ್ಲೈತೋ? ಅದನ್ನ ಗುಪ್ತಚರ ಅಧಿಕಾರಿ ಬರದಾನ."

ಗುರುಲಿಂಗಪ್ಪ ಹರಕೆಯ ಕಾರ್ಬನ್ ಪ್ರತಿ ಎತ್ತಿ ತೋರಿಸಿದ. ಸಂಜೀವಕುಮಾರ ಅದನ್ನು ಬಿಸಿಲಿಗೆ ಹಿಡಿದು ನೋಡಿದ. "ಹರಕಿ ಚೀಟಿಗೆ ಯಾರರೆ ಕಾರ್ಬನ್ ಇಡ್ತಾರೇನ್ರಿ? ಇದು ಮೊದಲ ತಯಾರ ಮಾಡಿದ್ದು. ಮಾಡಿಸಿದವರು ದಿಲ್ಲ್ಯಾಗ ಅದಾರ."

"ದಿಲ್ಲ್ಯಾಗ ಅಂದ್ರ ಯಾರು? ಹೆಸರು ಹೇಳು," ಎಂದು ಕಲ್ಮೇಶ ತಿರುಗಿದ.

ಇಪ್ಪತ್ತು ವರ್ಷದ ಹಳೆಯ ಜಗಳ ಮತ್ತೆ ಹತ್ತಿಕೊಂಡಿತು. ಆ ಸಂದಿಯಲ್ಲಿ ಮೂವರೂ ಹಾದರು. ಹಿಂದಿನಿಂದ ಒಂದು ಕಲ್ಲು ಬಂದು ಗುರುಲಿಂಗಪ್ಪನ ಬೆನ್ನಿಗೆ ಬಡಿಯಿತು. ಓಡಬೇಕೆನಿಸಿತು, ಓಡಿದರೆ ಮುಂದಿನ ಕಲ್ಲು ಮಾಳಿಂಗನಿಗೆ ಬೀಳುತ್ತದೆ. ಜೀವಮಾನದಲ್ಲಿ ಮೊದಲ ಸಲ ತನ್ನ ಅಗಲ ಮೈ ಉಪಯೋಗಕ್ಕೆ ಬಂತೆಂದುಕೊಂಡು ಸಾಲಿನ ಮುಂದಿನಿಂದ ತಾಯಿ-ಮಗನ ಹಿಂದಕ್ಕೆ ಸರಿದು ನಡೆದ.

ಗುಡಿಯಲ್ಲಿ ಪೂಜಾರಿ ಸೋಮನಿಂಗ ಮಾಳಿಂಗನ ಹಣೆಗೆ ಭಂಡಾರದ ಅರಿಶಿನ ಬಳಿದ. ಲಕ್ಕವ್ವ ಮುಂದೆ ಬಂದು ಎರಡೂ ಕೈಯಿಂದ ಮಗನ ಮುಖ ಹಿಡಿದಳು. ಹೆಬ್ಬೆರಳಿನಿಂದ ಗಲ್ಲ ಸವರುತ್ತಲೇ ಇದ್ದಳು. ಆರದ ಮಸಿ ಅವನ ಗಲ್ಲದ ಮೇಲೆ ನೀಲಿಯಾಗಿ ಮೂಡಿತು.

ಗುರುಲಿಂಗಪ್ಪ ಅವರಿಗೆ ಬೆನ್ನು ಕೊಟ್ಟು ಬಾಗಿಲಿಗೆ ಅಡ್ಡ ನಿಂತಿದ್ದ. ಮಂದಿ ಕಟ್ಟೆಯವರೆಗೆ ಬಂದಿದ್ದರು. ಅವನ ಹೆಗಲ ಮೇಲಿಂದ ಮೊಬೈಲುಗಳು ಇಣುಕುತ್ತಿದ್ದವು. ಯಾರೋ ಚಿತ್ರವನ್ನು ಎರಡು ಬೆರಳಿಂದ ಹಿಗ್ಗಿಸುತ್ತ ಪಕ್ಕದವನಿಗೆ ಮೆಲ್ಲಗೆ ಕೇಳಿದ:

"ಅಲ್ಲೋ, ಅವನ ಗಲ್ಲದ ಮ್ಯಾಲಿಂದು ಆ ನೀಲಿ ಗುರುತು ಏನದು?"

ಗುರುಲಿಂಗಪ್ಪ ಕಲ್ಲಿಗಿಂತ ಹೆಚ್ಚಾಗಿ ಆ ಮಾತಿಗೆ ಹೆದರಿದ. ಆದರೂ ಬಾಗಿಲು ಬಿಟ್ಟು ಸರಿಯಲಿಲ್ಲ.