ಗುಲಾಬಿ ಟೇಪಿನ ಆಚೆಗಿದ್ದ ಆಮ್ಲಜನಕ

ಕಳೆದ ವಾರ ಹಾಸನದಲ್ಲಿ ಗೆಳತಿಯ ಪುಸ್ತಕದಂಗಡಿಯ ಉದ್ಘಾಟನೆಗೆ ಹೋಗಿದ್ದೆ. ತಟ್ಟೆಯಲ್ಲಿ ಕತ್ತರಿ, ಬಾಗಿಲಿಗೆ ಅಡ್ಡಲಾಗಿ ಗುಲಾಬಿ ಬಣ್ಣದ ಟೇಪು. ಹೊಸ ಸ್ಯಾಟಿನ್ನಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದೆ...

ಅರಕಲಗೂಡಿನ ನಮ್ಮ ಬೀದಿಯಲ್ಲಿ ಬಳೆ ಅಂಗಡಿ ಮಾವ ಇದ್ದರು. ಅವರ ಅಂಗಡಿ ತುಂಬ ಇದೇ ವಾಸನೆ. ಶಾಲೆಯ ಹುಡುಗಿಯರ ಜಡೆಗೆಲ್ಲ ಟೇಪು ಅವರದೇ. ಬಳೆ ತೊಡಿಸುವಾಗ ನಾನು ಸಿಟ್ಟಿನಿಂದ ಮುಷ್ಟಿ ಬಿಗಿಹಿಡಿದರೆ ನಗುತ್ತಿದ್ದರು. “ಸಡಿಲ ಬುಡವ್ವ. ನಿನ್ ಸಿಟ್ಟಿಗೆ ಬಳೆ ಒಡೀತದೆ, ಲೋಕ ಒಡೆಯಾಕಿಲ್ಲ.”

ನಾನು ವಿಶ್ವವಿದ್ಯಾಲಯದ ಓದು ಮುಗಿಸಿ ಬಂದ ವರ್ಷ, ಬೀದಿಯ ಕೊನೆಯ ಖಾಸಗಿ ಆಸ್ಪತ್ರೆಗೆ ದಾನಿಗಳು ಆಮ್ಲಜನಕದ ಕೊಠಡಿ ಕಟ್ಟಿಸಿಕೊಟ್ಟರು. ಉದ್ಘಾಟನೆಗೆ ಬೇಕಾದ ಟೇಪನ್ನು ಮಾವನೇ ಕೊಟ್ಟರು. ಗಣ್ಯರೊಬ್ಬರಿಗೆ ಬಿಡುವಿಲ್ಲದೆ ಸಮಾರಂಭ ಮುಂದೆ ಹೋಗುತ್ತಲೇ ಇತ್ತು. ತುಂಬಿದ ಸಿಲಿಂಡರುಗಳು ಕುಂಕುಮ ಹಚ್ಚಿಸಿಕೊಂಡು, ಬಾಡಿದ ಸೇವಂತಿಗೆ ಹಾರ ಹೊತ್ತು ನಿಂತೇ ಇದ್ದವು.

ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದ ಮಾವ ಎದೆ ಹಿಡಿದುಕೊಂಡು ಕುಸಿದರು. ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಮತ್ತು ನಾನು ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಹೃದಯಾಘಾತ ಎಂದರು ವೈದ್ಯರು. ಎಲ್ಲ ಹೃದಯಾಘಾತಕ್ಕೂ ಆಮ್ಲಜನಕ ಬೇಕಾಗುವುದಿಲ್ಲ. ಆದರೆ ಇವರ ಶ್ವಾಸಕೋಶದಲ್ಲಿ ನೀರು ತುಂಬಿದೆ, ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿದೆ, ಈಗಲೂ ಬೇಕು, ಹಾಸನದ ದಾರಿಯುದ್ದಕ್ಕೂ ಬೇಕು ಎಂದರು. ಹಳೆಯ ಸಿಲಿಂಡರುಗಳು ತುಂಬಿಸಲು ಹೋಗಿದ್ದವು. ಹೊಸವು ಟೇಪಿನ ಆಚೆ, ತೆರೆದ ಬಾಗಿಲಿನೊಳಗೆ, ಕಣ್ಣೆದುರಿಗೇ ಇದ್ದವು.

ಆಸ್ಪತ್ರೆಯ ವ್ಯವಸ್ಥಾಪಕ ಟೇಪಿಗೆ ಬೆನ್ನು ಕೊಟ್ಟು ನಿಂತು ಗಣ್ಯರ ಆಪ್ತನಿಗೆ ಫೋನು ಮಾಡುತ್ತಲೇ ಇದ್ದ. ಆ ಕಡೆ ಫೋನು ಎತ್ತುವವರಿರಲಿಲ್ಲ. ಅತ್ತೆ ಕೈ ಮುಗಿದರು.

“ಟೇಪು ನಮ್ಮಂಗ್ಡೀದೇ ಕಣಪ್ಪ. ಕತ್ತರ್ಸು. ಇನ್ನೊಂದ್ ಸುತ್ತು ತಂದ್ಕೊಡ್ತೀನಿ.”

“ಅಂಗಲ್ಲ ಕಣಮ್ಮ, ಸಾಯೇಬ್ರು ನಾಳಿಕ್ಕೆ ಬತ್ತಾರೆ. ಅವ್ರ ಕೈಲಿ ಉದ್ಘಾಟ್ನೆ ಆಗ್ದೆ ಮುಟ್ಟುದ್ರೆ ನನ್ನ ಮನೆಗ್ ಕಳಿಸ್ತಾರೆ.”

ವೈದ್ಯರು ಮಾವನ ಪಕ್ಕದಿಂದಲೇ ವ್ಯವಸ್ಥಾಪಕನನ್ನು ಗದರಿದರು. ಟೇಪು ದಾಟಲು ನುಗ್ಗಿದ ನನ್ನನ್ನು ಕಾವಲುಗಾರ ರಟ್ಟೆ ಹಿಡಿದೆಳೆದ. ಕೊನೆಗೆ ಆಮ್ಲಜನಕವಿಲ್ಲದ ಬರಿಯ ವ್ಯಾನಿನಲ್ಲಿ ಹೊರಟೆವು. ಗೊರೂರು ದಾಟುವ ಮುನ್ನವೇ ಮಾವ...

ಆಮ್ಲಜನಕ ಸಿಕ್ಕಿದ್ದರೆ ಬದುಕುತ್ತಿದ್ದರೆಂದು ಪ್ರಮಾಣ ಮಾಡಲಾರೆ. ಸಿಗಬೇಕಿತ್ತೆಂದು ಮಾತ್ರ ಯಾರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ಮರುದಿನ ಗಣ್ಯರು ಬಂದರು. ಮೊದಲು ಮಾವನಿಗಾಗಿ ಎದ್ದು ನಿಂತು ಮೌನ ಆಚರಿಸಿದರು. ಅನಂತರ ಮಾವನದೇ ಟೇಪನ್ನು ಕತ್ತರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೇಸಿಗೆಗೂ ಒಂದು ಮಿತಿಯಿದೆ ಎಂದು ಅಂದಿನವರೆಗೆ ನಂಬಿದ್ದೆ. ಮುಟ್ಟಬಾರದೆಂದು ಆಜ್ಞೆ ಕೊಟ್ಟವರು ಯಾರು ಎಂದು ಇಂದಿಗೂ ಕೇಳುತ್ತಿದ್ದೇನೆ. ಆಜ್ಞೆ ಯಾರದೂ ಅಲ್ಲವಂತೆ, ಅದು ಪದ್ಧತಿಯಂತೆ. ಹಾಗಾದರೆ ಪದ್ಧತಿಯ ಪರವಾಗಿ ಉತ್ತರ ಕೊಡುವವರು ಯಾರು?

ಪುಸ್ತಕದಂಗಡಿಯ ಮುಂದೆ ಜನ ಬಿಸಿಲಿನಲ್ಲಿ ಕಾಯುತ್ತಿದ್ದರು. ಅತಿಥಿ ಇನ್ನೂ ಚನ್ನರಾಯಪಟ್ಟಣ ದಾಟಿಲ್ಲ ಎಂಬ ಸುದ್ದಿ ಬಂತು. ನಾನು ಹೋಗಿ ಟೇಪಿನ ಗಂಟು ಬಿಚ್ಚಿ, ಸುತ್ತಿ, ಕತ್ತರಿಯ ಪಕ್ಕದಲ್ಲಿಟ್ಟೆ. ಬಾಗಿಲಿಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಒಬ್ಬರೂ ಒಳಗೆ ಕಾಲಿಡಲಿಲ್ಲ.

ನನ್ನ ಕೈ ತಾನಾಗಿಯೇ ಮುಷ್ಟಿಗಟ್ಟಿತು. ಸಡಿಲ ಬಿಡು ಎನ್ನಲು ಮಾವ ಇಲ್ಲ.