ಬಾಗಿಲಿಗೆ ಎದುರಾದ ಕುರ್ಚಿ

ಅಮೆರಿಕದ ಡುವಾಲ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಹಿಂದೆ ಅಲ್ಲಿನ ಸೇನೆಯಲ್ಲಿದ್ದವರು. ಸಂಜೆ ಕಾಫಿಗೆ ಬಂದರೆ ಕುರ್ಚಿಯನ್ನು ಎಳೆದು ಮುಂಬಾಗಿಲಿಗೆ ಎದುರಾಗಿಯೇ ಕೂರುತ್ತಿದ್ದರು. "ನಂಗೆ ಬಾಗ್ಲು ಕಾಣ್ಬೇಕು" ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ, ಲಕ್ಷ್ಮಿ ಬರಲೆಂದು, ನಾನು ಅದೇ ಬಾಗಿಲನ್ನು ತೆರೆದಿಡುತ್ತಿದ್ದೆ. ಮತ್ತೆ ಮುಚ್ಚುವವರೆಗೂ ಆಕೆಯ ಕಣ್ಣು ಅಲ್ಲಿಂದ ಕದಲುತ್ತಿರಲಿಲ್ಲ. ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು. ಸೈನಿಕರ ಅಭ್ಯಾಸವಿರಬೇಕು ಎಂದುಕೊಂಡಿದ್ದೆ.

ಹೇಳದೆ ಕೇಳದೆ ಕ್ಯಾಂಪ್ ಬಿಟ್ಟುಹೋದರೆಂದು ಸೇನೆ ಆಕೆಯನ್ನು ಕಳಂಕ ಹೊರಿಸಿ ಹೊರಹಾಕಿತ್ತು. ದಾಖಲೆಯಲ್ಲಿ ಅದನ್ನು ಸೇವೆಯಿಂದ ಗೌರವದ ಬಿಡುಗಡೆ ಎಂದು ತಿದ್ದಿಕೊಡಿ ಎಂದು ಆಕೆ ಅರ್ಜಿ ಹಾಕಿದ್ದರು. ವಿಚಾರಣೆ ವಿಡಿಯೋದಲ್ಲಿ. ಅವರ ಮನೆಯ ಇಂಟರ್ನೆಟ್ ನೆಚ್ಚುವಂತಿರಲಿಲ್ಲವಾದ್ದರಿಂದ ನಮ್ಮ ಅಡುಗೆಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು.

ಪರದೆಯ ಮೇಲಿದ್ದ ಅಧಿಕಾರಿಯೊಬ್ಬರು ಸೌಜನ್ಯದಿಂದಲೇ ಕೇಳಿದರು: "ನಿಮ್ಮ ಸಾರ್ಜೆಂಟ್‌ಗೆ ಒಂದು ಮಾತು ಹೇಳಿ ಹೋಗ್ಬಹುದಿತ್ತಲ್ಲ?"

"ನನ್ನ ರೂಮಿನ ಇನ್ನೊಂದು ಕೀ ಇದ್ದದ್ದು ಅವನ ಹತ್ರಾನೇ" ಎಂದರು ಆಕೆ. "ರಾತ್ರಿ ಬಾಗ್ಲು ತೆಗ್ದು ಒಳಗೆ ಬರ್ತಿದ್ದೋನು ಅವನೇ. ಯಾರಿಗೆ ಹೇಳ್ಲಿ?"

ಪರದೆಯ ಮೇಲಿನ ಮುಖಗಳು ಅಲುಗಾಡಲಿಲ್ಲ. ಇಂಟರ್ನೆಟ್ ಕೈಕೊಟ್ಟಿತೇನೋ ಎಂದು ನಾನು ಲ್ಯಾಪ್‌ಟಾಪಿನತ್ತ ಬಗ್ಗಿದೆ. ಕೈಕೊಟ್ಟಿರಲಿಲ್ಲ.

ಆ ಸಂಜೆಯೂ ಆಕೆ ಕಾಫಿಗೆ ಬಂದರು. ನಾನು ದೀಪ ಹಚ್ಚಿ ಮುಂಬಾಗಿಲಿಗೆ ಹೋದೆ. ಚಿಲಕ ಹಿಡಿದ ಕೈ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಬೆನ್ನ ಹಿಂದೆ ಕುರ್ಚಿ ಎಳೆದ ಸದ್ದಾಯಿತು.

"ತೆಗಿ" ಎಂದರು ಆಕೆ. "ನಿಮ್ಮ ದೇವಿ ಬರ್ಲಿ. ಬೇರೆ ಯಾರೂ ಬರ್ದೇ ಇರೋ ಹಾಗೆ ನಾನು ನೋಡ್ಕೋತೀನಿ."