ಹೊಸ ಡ್ರಮ್ಮಿನ ಒಳಬಣ್ಣ

ಪುಟ್ಟಿ, ಚಿನ್ನು,

ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ; ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ನವುಲೆಯ ನಮ್ಮ ಮನೆಯ ಹಿತ್ತಲಲ್ಲಿ ಕಪ್ಪಗೆ ನಿಂತಿರುವ ಡ್ರಮ್ ಬಂದ ವಾರ ಏನೇನಾಯಿತು ಎನ್ನುವುದು ನಿಮಗೆ ಪೂರ್ತಿ ಗೊತ್ತಿಲ್ಲ. ಕೆಲವು ಸಂಗತಿ ನಿಮ್ಮ ಅಮ್ಮನಿಗೂ ಗೊತ್ತಿಲ್ಲ.

ಫೋನಿನಲ್ಲಿ ನೋಡಿ ನೋಡಿ ನಿಮ್ಮಪ್ಪನಿಗೆ ಒಂದು ಆಸೆ ಹುಟ್ಟಿತ್ತು. ಕಬ್ಬಿಣದ ಡ್ರಮ್ಮಿನ ತಳದಲ್ಲಿ ಕೆಂಡ ಹಾಕಿ, ಮೇಲೆ ಜಾಲರಿಯಲ್ಲಿ ಕೋಳಿ ಇಟ್ಟು, ಮುಚ್ಚಳ ಮುಚ್ಚಿ ಹೊಗೆಯಲ್ಲೇ ಬೇಯಿಸುವುದು. ಅದಕ್ಕೆ ಸ್ಮೋಕರ್ ಅನ್ನುತ್ತಾರಂತೆ. ಚಿನ್ನುವಿನ ಹುಟ್ಟುಹಬ್ಬ ಭಾನುವಾರ ಬಿದ್ದಿತ್ತು. ಅಂದೇ ಮೊದಲ ಅಡುಗೆ ಎಂದು ನಿಶ್ಚಯವಾಯಿತು. ಸೋಮವಾರ ಸಂಜೆ ಭದ್ರಾವತಿಯಿಂದ ಲಗೇಜ್ ಆಟೋದಲ್ಲಿ ಡ್ರಮ್ ಬಂದಿಳಿಯಿತು. ನೀಲಿ ಬಣ್ಣ, ಹೊಳೆಯುವ ಮುಚ್ಚಳ.

“ಹೊಸದು. ಪೂರ್ತಿ ಹೊಸದು” ಎಂದರು ನಿಮ್ಮಪ್ಪ.

ಯಾರಾದರೂ ಒಂದು ಮಾತನ್ನು ಎರಡು ಸಲ ಹೇಳಿದರೆ ನನಗೆ ಅನುಮಾನ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನ್ನ ತವರಿನಲ್ಲಿ ಪಕ್ಕದ ಮನೆಯವರು ಬೆಳೆಗೆ ಹೊಡೆಯುವ ಔಷಧಿ ತುಂಬಿದ್ದ ಡ್ರಮ್ಮನ್ನು ಮೂರು ಸಲ ತೊಳೆದು ದನಕ್ಕೆ ನೀರಿಟ್ಟಿದ್ದರು. ಮಧ್ಯಾಹ್ನ ನೀರು ಕುಡಿದ ಎಮ್ಮೆ ಸಂಜೆ ಏಳಲಿಲ್ಲ. ಅದರ ಬಾಯಿಯಿಂದ ಬಂದ ನೊರೆಯನ್ನು ನಾನು ಕಣ್ಣಾರೆ ಕಂಡಿದ್ದೆ. ಆಮೇಲೆ ಆ ಡ್ರಮ್ಮಿಗೆ ಬಣ್ಣ ಬಳಿದು ಸಂತೆಯಲ್ಲಿ ಮಾರಿಬಂದರು. ಅಂಥದ್ದೇ ಒಂದು ಈಗ ನಮ್ಮ ಹಿತ್ತಲಿಗೆ ಬಂದಿರಬಾರದೇಕೆ? ಭಾನುವಾರ ಅದರೊಳಗೆ ಬೆಂದದ್ದನ್ನು ತಿನ್ನುವವರು ನೀವಿಬ್ಬರು.

ಮಂಗಳವಾರ ಎಲ್ಲರೂ ಹೊರಗೆ ಹೋದ ಮೇಲೆ ಮುಚ್ಚಳ ತೆಗೆದು ತಲೆ ಒಳಗೆ ಹಾಕಿದೆ. ಒಳಗೂ ಬಣ್ಣ ಬಳಿದಿತ್ತು! ಕಂದು ಬಣ್ಣ, ನುಣ್ಣಗೆ, ಇಟ್ಟಿಗೆಯ ಮೇಲೆ ಬೆಲ್ಲದ ಪಾಕ ಎರೆದಂತೆ. ಹೊರಗಿನ ಬಣ್ಣ ನೋಡುವವರಿಗೆ. ಯಾರೂ ನೋಡದ ಒಳಗಡೆಗೆ ಬಣ್ಣ ಯಾಕೆ? ಏನನ್ನೋ ಮುಚ್ಚುವುದಕ್ಕೇ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ತಂದು ಒಂದು ಗಂಟೆ ಉಜ್ಜಿದೆ. ಒಂದು ಚೂರೂ ಏಳಲಿಲ್ಲ. ಇಷ್ಟು ಗಟ್ಟಿಯಾಗಿ ಮುಚ್ಚಿದ್ದಾರೆಂದರೆ ಒಳಗಿರುವುದು ಎಷ್ಟು ಕೆಟ್ಟದ್ದಿರಬೇಕು ಅನ್ನಿಸಿತು.

ಬೆಂಕಿಗಾದರೂ ಡ್ರಮ್ ಬಾಯಿ ಬಿಡಬಹುದೆಂದು ನಾಲ್ಕು ತೆಂಗಿನ ಚಿಪ್ಪು ಹಾಕಿ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಕಂದು ಬಣ್ಣ ದೋಸೆಯಂತೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ; ಕಣ್ಣು ಉರಿಯಿತು. ಹೆದರಿ ಒಂದು ಬಿಂದಿಗೆ ನೀರು ಸುರಿದು ಮುಚ್ಚಳ ಮುಚ್ಚಿದೆ. ಸಂಜೆ ನಿಮ್ಮಪ್ಪ ಮಸಿ ಕಂಡು ಕೋಪ ಮಾಡಿಕೊಂಡರು. ಅಂದು ಬೈಸಿಕೊಂಡವನು ನೀನು, ಚಿನ್ನು. ಬೆಂಕಿ ಹಚ್ಚಿದವಳು ನಾನು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ, ಬಾಯಿ ಬರಲಿಲ್ಲ. ಕ್ಷಮಿಸು ಮಗಾ.

ಯಾಕೆ ಬಾಯಿ ಬರಲಿಲ್ಲ ಎಂದರೆ, ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಏನಿದ್ದರೂ ಮಗಳ ಕೈಲಿ ಹೇಳಿಸಬೇಕು, ಇಲ್ಲವೇ ಗೋಡೆಗೆ ಹೇಳಿದಂತೆ ಹೇಳಬೇಕು. ನಿಮ್ಮ ತಾತ ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ನಾನು. ಅಲ್ಲಿಂದ ಆ ವಾರದವರೆಗೆ ನಿಮ್ಮಪ್ಪನ ಮುಖ ನೋಡಿ ಒಂದು ಮಾತಾಡಿರಲಿಲ್ಲ. ಡ್ರಮ್ಮಿನ ಮೇಲಿನ ಅನುಮಾನವನ್ನು ನಿಮ್ಮ ಅಮ್ಮನಿಗೆ ಹೇಳಿದೆ. “ನೀನೊಬ್ಳು! ಅವ್ರು ಎಲ್ಲಾ ವಿಚಾರಿಸ್ದೇ ತರ್ತಾರಾ? ಸುಮ್ನಿರಮ್ಮ” ಎಂದು ಪಾತ್ರೆ ತೊಳೆಯಲು ಹೋದಳು.

ಗುರುವಾರ “ಕೋಟೆ ದೇವಸ್ಥಾನಕ್ಕೆ ಹೋಗ್ಬರ್ತೀನಿ” ಎಂದು ಹೊರಟವಳು ಭದ್ರಾವತಿ ಬಸ್ಸು ಹತ್ತಿದೆ. ಹೊಳೆಯ ಸೇತುವೆ ದಾಟಿ, ಲಾರಿ ತೂಗುವ ವೇಬ್ರಿಡ್ಜ್ ಪಕ್ಕದಲ್ಲಿ ಡ್ರಮ್ಮಿನ ಅಂಗಡಿ ಎಂದು ನಿಮ್ಮಪ್ಪ ಹೇಳಿದ್ದು ಕಿವಿಗೆ ಬಿದ್ದಿತ್ತು. ಅಂಗಡಿಯಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು, ಸೀರೆಯ ಮೇಲೆ ಗಂಡಸರ ಶರ್ಟು ಹಾಕಿಕೊಂಡು, ಡ್ರಮ್ಮೊಂದನ್ನು ಅಂಚಿನ ಮೇಲೆ ಉರುಳಿಸಿಕೊಂಡು ಬರುತ್ತಿದ್ದಳು. ನಾನು ಬೇರೆ ಯಾರಿಗೋ ಕಾಯುವವಳಂತೆ ರಸ್ತೆಯ ಆಚೆ ನಿಂತೆ.

“ಏನಕ್ಕಾ, ಡ್ರಮ್ ಬೇಕಾ? ಇಲ್ಲಾ ನನ್ನ ನೋಡ್ಕೊಂಡ್ ಹೋಗೋಕ್ ಬಂದ್ರಾ?” ಎಂದು ಅವಳೇ ಕೂಗಿದಳು.

ರಸ್ತೆ ದಾಟಿ ಹತ್ತಿರ ಹೋದೆ. “ನಮ್ಮ ಅಳಿಯಂದ್ರು ನಿಮ್ಮತ್ರ ಒಂದು ಡ್ರಮ್ ತಗೊಂಡ್ರು. ನೀಲಿದು.”

“ಕನ್ನಡಕದ ಸಾರ್? ಕೋಳಿ ಬೇಯ್ಸೋಕೆ ಅಂದ್ರಲ್ಲ?”

“ಹೂಂ. ಅದು... ಹೊಸದೇನಾ?”

“ಹಳೇದನ್ನ ಹಳೇದು ಅಂತ್ಲೇ ಮಾರ್ತೀನಿ ನಾನು. ಅಲ್ನೋಡಿ, ಹಳೇವು ಆ ಕಡೆ, ಹೊಸವು ಈ ಕಡೆ.”

“ಹೊಸದಾದ್ರೆ ಒಳಗ್ಯಾಕೆ ಬಣ್ಣ?”

ಅವಳು ನಕ್ಕು ಹೊಸ ಸಾಲಿನ ಒಂದು ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದಳು. ಅದೇ ಕಂದು ಬಣ್ಣ. ತೋರಿಸಲೆಂದೇ ಇಟ್ಟದ್ದಿರಬಹುದು ಅನ್ನಿಸಿ, ಹಿಂದಿನ ಮೂಲೆಯ ಇನ್ನೊಂದನ್ನು ತೆಗೆಯಲು ಹೇಳಿದೆ.

“ಅಯ್ಯೋ ಮಾರಾಯ್ತಿ, ಹೆಣ್ಣು ನೋಡೋಕ್ ಬಂದೋರೂ ಇಷ್ಟು ನೋಡಲ್ಲ!” ಎನ್ನುತ್ತಲೇ ತೆಗೆದಳು. ಅದರಲ್ಲೂ ಅದೇ ಬಣ್ಣ.

“ಫ್ಯಾಕ್ಟ್ರೀಲೇ ಬಳ್ದು ಕಾಯ್ಸಿರ್ತಾರಕ್ಕಾ, ತುಂಬೋ ಮಾಲು ತಗಡಿಗೆ ತಾಗ್ಬಾರ್ದು ಅಂತ. ಉಜ್ಜಿದ್ರೆ ಹೋಗಲ್ಲ, ಬೆಂಕೀಲೇ ಹೋಗ್ಬೇಕು. ಒಳಗೆ ಸೌದೆ ಒಟ್ಟಿ ಚೆನ್ನಾಗಿ ಸುಟ್ಟು ಆಮೇಲೆ ಅಡುಗೆ ಮಾಡಿ ಅಂತ ನಿಮ್ಮ ಅಳಿಯಂಗೆ ಎರಡು ಸಲ ಹೇಳಿದೀನಿ.”

“ಸುಡದೇ ಹಂಗೇ ಮಾಡಿದ್ರೆ?”

“ಬಣ್ಣದ ಹೊಗೆ ಕೋಳಿಗೆ ಹತ್ತುತ್ತೆ. ನಾನಂತೂ ನಮ್ಮನೆ ಮಕ್ಳಿಗೆ ಕೊಡಲ್ಲ.”

ಬಸ್ಸಿನಲ್ಲಿ ಬರುವಾಗ ಆ ಹೆಂಗಸಿನ ಮೇಲಿದ್ದ ಅನುಮಾನವೆಲ್ಲ ನಿಮ್ಮಪ್ಪನ ಮೇಲೆ ತಿರುಗಿತು. ಎರಡು ಸಲ ಹೇಳಿಸಿಕೊಂಡಿದ್ದಾರೆ. ಆದರೂ ಸುಟ್ಟಿಲ್ಲ. ಬುಧವಾರ ಗಾಳಿಗೆಂದು ಕೆಳಗೆ ತೂತು ಕೊರೆದರು, ಸೋಪು ಹಾಕಿ ತೊಳೆದರು, ಅಷ್ಟೇ. ಮರೆತರೋ? ಹೊಳಪು ಹೋಗುತ್ತದೆಂದು ಬೇಕೆಂತಲೇ ಬಿಟ್ಟರೋ? ಶುಕ್ರವಾರವಿಡೀ ಅವರು ಏನು ಕೈಗೆತ್ತಿಕೊಂಡರೂ ಕಿಟಕಿಯಿಂದ ಕಾವಲು ಕಾದೆ. ಪಾಪ, ನಲ್ಲಿ ರಿಪೇರಿಗೆ ಸ್ಪ್ಯಾನರ್ ಹಿಡಿದರೂ ಅನುಮಾನಪಟ್ಟೆ.

ಶನಿವಾರ ಬೆಳಿಗ್ಗೆ ಅವರು ಕಡಲೆಕಾಯಿ ಎಣ್ಣೆ, ಒಂದು ಹಳೆಯ ಬನಿಯನ್ನು ಹಿಡಿದು ಹಿತ್ತಲಿಗೆ ಹೋದರು. ಎಣ್ಣೆ ಸವರಿ ಕಾಯಿಸಿ ಪಳಗಿಸಲು ಹೊರಟಿದ್ದರು, ನಾವು ಹೊಸ ಕಾವಲಿಗೆ ಮಾಡುವ ಹಾಗೆ. ಬಣ್ಣದ ಮೇಲೆ ಎಣ್ಣೆ ಕೂತರೆ ಕಂದು ಹೋಗಿ ಎಲ್ಲ ಕಪ್ಪಾಗುತ್ತದೆ. ಆಮೇಲೆ ಒಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಹೇಗೆ ಹಿತ್ತಲಿಗೆ ಹೋದೆನೋ ಗೊತ್ತಿಲ್ಲ.

“ಎಣ್ಣೆ ಹಚ್ಬೇಡಿ.”

ನಿಮ್ಮಪ್ಪ ಹಿಂದೆ ತಿರುಗಿ ನೋಡಿದರು, ಬೇರೆ ಯಾರಿಗೋ ಹೇಳಿದೆನೆಂದು. “ಅತ್ತೆ, ನಂಗೆ ಹೇಳಿದ್ರಾ?”

“ಒಳಗಿನ ಬಣ್ಣ ಮೊದ್ಲು ಸುಡ್ಬೇಕು. ಭದ್ರಾವತಿ ಅಂಗಡಿಯಾಕೆ ಎರಡು ಸಲ ಹೇಳಿದಾರಂತೆ ನಿಮ್ಗೆ.”

“ನೀವು ಭದ್ರಾವತಿಗೆ ಹೋಗಿದ್ರಾ?”

“ಕೋಟೆ ದೇವಸ್ಥಾನ ಅಂದ್ಯಲ್ಲಮ್ಮಾ!” ಎಂದು ನಿಮ್ಮ ಅಮ್ಮ ಬಾಗಿಲಿಂದ ಕೂಗಿದಳು.

“ದೇವ್ರು ಭದ್ರಾವತೀಲೂ ಇರ್ತಾನೆ ಬಿಡೆ” ಎಂದು ನಕ್ಕ ನಿಮ್ಮಪ್ಪ ಆಮೇಲೆ ತಲೆ ಕೆರೆದುಕೊಂಡರು. “ಹೇಳಿದ್ರು ಅತ್ತೆ. ಅದು ಹಳೇ ಡ್ರಮ್ ತಗೊಳ್ಳೋರಿಗೆ ಅಂದ್ಕೊಂಡೆ. ನಮ್ದು ಹೊಸದಲ್ವಾ, ಸುಡೋಕೇನಿದೆ ಅಂತ...”

ಹೊಸದಲ್ಲವೆಂದು ನಾನು ಹೆದರಿದ್ದೆ, ಹೊಸದೆಂದು ಅವರು ಧೈರ್ಯವಾಗಿದ್ದರು. ಮಂಗಳವಾರ ನಾನು ಬಾಯಿ ಬಿಟ್ಟಿದ್ದರೆ ಅಂದೇ ತೀರುತ್ತಿತ್ತು. ಚಿಪ್ಪಿನ ಬೆಂಕಿ ಹಚ್ಚಿದ್ದು ನಾನೇ ಎಂದೂ ಆಗಲೇ ಹೇಳಿಬಿಟ್ಟೆ. ಅವರು ಬನಿಯನ್ ಕೆಳಗಿಟ್ಟರು.

ನಿಮ್ಮನ್ನು ಒಳಗೆ ಕೂರಿಸಿ ಕಿಟಕಿ ಮುಚ್ಚಿದೆವು. ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಒಣ ಸೌದೆ ಅರ್ಧದವರೆಗೆ ಒಟ್ಟಿ, ಗಾಳಿಗೆ ಬೆನ್ನು ಕೊಟ್ಟು ಹಚ್ಚಿದರು. ಹೊರಗಿನ ನೀಲಿ ಬಣ್ಣ ಸಿಪ್ಪೆಯಂತೆ ಸುರುಳಿ ಸುತ್ತಿ ಉದುರಿತು. ಪಕ್ಕದ ಮನೆಯಾಕೆ ಮೂಗಿಗೆ ಸೆರಗು ಹಿಡಿದು ಗೋಡೆಯಾಚೆಯಿಂದ “ಏನ್ರೀ, ಟೈರ್ ಬೇಯಿಸ್ತಿದೀರಾ?” ಎಂದಳು. ಆರಿದ ಮೇಲೆ ತಂತಿ ಬ್ರಷ್ಷಿನಿಂದ ತಿಕ್ಕಿದರೆ ಕಂದು ಬಣ್ಣ ಹೊಟ್ಟಿನಂತೆ ಬಿತ್ತು, ಒಳಗೆ ಬರಿಯ ಬೂದು ಕಬ್ಬಿಣ ಕಂಡಿತು. ಅದರ ಮೇಲೆ ಬೇರೆ ಯಾವ ಗುರುತೂ ಇರಲಿಲ್ಲ. ಆದರೂ ನಾನು ಬಗ್ಗಿ ಬೆರಳಾಡಿಸಿದೆ. ತಳದ ಬೆಸುಗೆಯ ಸುತ್ತ ಅಂಗೈಯಗಲ ಕಂದು ಉಳಿದಿತ್ತು.

“ಇಲ್ಲಿ ಹೋಗಿಲ್ಲ.”

“ಅತ್ತೆ, ಅದು ಬೂದಿಯೊಳಗೆ ಮುಚ್ಚಿಹೋಗೋ ಜಾಗ.”

“ಹೋಗಿಲ್ಲ.”

ಎರಡನೆಯ ಸಲ ಸುಟ್ಟರು. ಅದಾದ ಮೇಲೂ ನಾನು ಬೆಸುಗೆಯ ಸುತ್ತ ಬೆರಳಾಡಿಸುತ್ತಲೇ ಇದ್ದೆ. ಅವರು ನನ್ನ ಮುಖ ನೋಡಿ ಇನ್ನೊಂದು ಹೊರೆ ಸೌದೆ ತಂದರು. ಮೂರನೆಯ ಬೆಂಕಿಯ ನಂತರ ತಿಕ್ಕಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆ ಆರುವಷ್ಟು ಬೆಚ್ಚಗೆ ಮಾಡಿ ಎಣ್ಣೆ ಸವರಿದೆವು. ಸವರಿದ್ದು ನಾನೇ. ಆಮೇಲೆ ಸಣ್ಣ ಕೆಂಡ ಹಾಕಿ ಸಂಜೆಯವರೆಗೆ ಮುಚ್ಚಿಟ್ಟರು. ಮುಚ್ಚಳ ತೆಗೆದಾಗ ಒಳಗೆ ಕಾವಲಿಯ ಹಾಗೆ ಕರಿ ಮಿಂಚು, ಎಣ್ಣೆಯ ವಾಸನೆ ಬಿಟ್ಟು ಬೇರೇನಿಲ್ಲ.

ಭಾನುವಾರ ಕೋಳಿ ಬೆಂದು ಈಚೆ ಬಂದಾಗ ಮೊದಲ ಕಾಲನ್ನು ನಾನೇ ಎತ್ತಿಕೊಂಡೆ. ಒಂದು ಗಂಟೆ ಯಾರೂ ಮುಟ್ಟಬಾರದು ಎಂದೆ. ಪುಟ್ಟಿ, ನೀನು ತಟ್ಟೆ ಹಿಡಿದು ಅಳುತ್ತ ಕೂತೆ. “ಅಜ್ಜಿಗೆ ಎಷ್ಟು ಹೊಟ್ಟೆಬಾಕತನ!” ಎಂದು ಚಿನ್ನು, ನೀನು ಗೆಳೆಯರ ಮುಂದೆಲ್ಲ ಹೇಳಿದೆ. ನಾನು ಗೋಡೆ ಗಡಿಯಾರ ನೋಡುತ್ತ, ಹೊಟ್ಟೆ ನೋಯುತ್ತದೆಯೇ, ನಾಲಿಗೆ ಕಹಿಯಾಗುತ್ತದೆಯೇ ಎಂದು ಕಾಯುತ್ತಿದ್ದೆ. ನಿಮ್ಮಪ್ಪನಿಗೆ ಅರ್ಥವಾಗಿರಬೇಕು. ಇನ್ನೊಂದು ಕಾಲು ಕಿತ್ತು ನನ್ನ ಪಕ್ಕ ಕೂತು ತಿಂದರು. ಗಂಟೆಯಾದ ಮೇಲೆ “ಇನ್ನು ಕೊಡ್ಬೋದಾ ಅತ್ತೆ?” ಎಂದು ನನ್ನನ್ನೇ ಕೇಳಿದರು. “ಕೊಡಿ” ಎಂದೆ.

ಈ ಹಾಳೆಗಳನ್ನು ಮನೆಯ ಕಾಗದಪತ್ರಗಳ ಜೊತೆ ಕವರಿನಲ್ಲಿ ಹಾಕಿ ಎತ್ತಿಡಿ. ಗೆದ್ದಲು ಹತ್ತದ ಕಡೆ ಇರಲಿ. ಕಬ್ಬಿಣ ಎಷ್ಟು ವರ್ಷ ಬಾಳೀತು? ಇದು ತುಕ್ಕು ಹಿಡಿದ ದಿನ ನಿಮ್ಮಲ್ಲೊಬ್ಬರು ಹೊಸದೊಂದನ್ನು ತಂದೇ ತರುತ್ತೀರಿ, ಆಗ ನಾನು ಕಿಟಕಿಯಲ್ಲಿ ಇರುವುದಿಲ್ಲ.